ಪೇಟೆಯಲ್ಲಿ ಎಣಿಸಿದ ತೋಳುಗಳು

ನಾನು ಮಾಬ್ಲ. ೧೯೬೩ರಲ್ಲಿ ಕುಮಟೆಯ ಒಂದು ಆರೋಗ್ಯ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಯಾವ ಊರಲ್ಲಿ ಎಷ್ಟು ಜನರಿಗೆ ಸಿಡುಬಿನ ಲಸಿಕೆ ಆಗಿದೆ ಎಂದು ನೋಡಿ ಬರೆಯುವುದು ನನ್ನ ಕೆಲಸ. ಲಸಿಕೆಗೆ ನಮ್ಮ ಕಡೆ ದೇವಿ ಹಾಕುವುದು ಎನ್ನುತ್ತಿದ್ದರು. ಧಾರವಾಡದಲ್ಲಿ ಹದಿನೈದು ದಿನ ತರಬೇತಿ ಕೊಟ್ಟಿದ್ದರು. ಹಾಗಾಗಿ ಸುತ್ತಲಿನ ತಾಲೂಕುಗಳಲ್ಲೆಲ್ಲ ಸಂಖ್ಯಾಶಾಸ್ತ್ರ ಬಲ್ಲವನು ನಾನೊಬ್ಬನೇ ಎಂಬ ಜಂಬ ನನಗೆ. ಜಂಬ ಎಂದು ಈಗ ಹೇಳುತ್ತೇನೆ, ಆಗ ಅದಕ್ಕೆ ವಿದ್ಯೆ ಎನ್ನುತ್ತಿದ್ದೆ.

ಕ್ರಮವೇನೋ ಸುಲಭದ್ದು. ಊರಿನವರೆಲ್ಲರ ತೋಳು ನೋಡಲು ಆಗುವುದಿಲ್ಲ, ನೋಡಬೇಕಾಗಿಯೂ ಇಲ್ಲ. ಮನೆಗಳ ಪಟ್ಟಿ ಹಿಡಿದು, ಚೀಟಿ ಎತ್ತಿ ಮೊದಲ ಮನೆ ಗೊತ್ತು ಮಾಡಿ, ಅಲ್ಲಿಂದ ಪ್ರತಿ ಆರನೆಯ ಮನೆಗೆ ಹೋಗಬೇಕು. ತೊಟ್ಟಿಲ ಕೂಸಿನಿಂದ ಹಿಡಿದು ಹಾಸಿಗೆಯ ಮುದುಕಿಯವರೆಗೆ ಆ ಮನೆಯ ಎಲ್ಲರನ್ನೂ ನೋಡಬೇಕು. ವಯಸ್ಸು ಎಷ್ಟು, ಗಂಡೋ ಹೆಣ್ಣೋ, ತೋಳಲ್ಲಿ ಕಲೆ ಇದೆಯೋ ಇಲ್ಲವೋ, ಮೂರು ಕಾಲಂ. ಬಾಗಿಲು ಹಾಕಿದ್ದರೆ ಇನ್ನೊಂದು ದಿನ ಹೋಗಬೇಕೇ ಹೊರತು ಪಕ್ಕದ ಮನೆಗೆ ನುಗ್ಗಬಾರದು. ಚೀಟಿಗೆ ದಾಕ್ಷಿಣ್ಯವಿಲ್ಲ, ದಣಿವೂ ಇಲ್ಲ, ಅದಕ್ಕೇ ಅದನ್ನು ನಂಬುವುದು. ಇದನ್ನೆಲ್ಲ ನಾನು ಬೇರೆಯವರಿಗೆ ಪಾಠ ಮಾಡುತ್ತಿದ್ದೆ.

ನನ್ನ ಮನೆ ಹಳದೀಪುರದಲ್ಲಿ. ಅಲ್ಲಿಂದ ಎರಡು ಮೈಲಿ ಒಳಗೆ ಹಾಲಕ್ಕಿ ಒಕ್ಕಲಿಗರ ಒಂದು ಕೊಪ್ಪ, ಅರವತ್ತು ಮನೆ. ಏಪ್ರಿಲ್ ತಿಂಗಳ ಕೊನೆಗೆ ನನ್ನ ಪಟ್ಟಿಯಲ್ಲಿ ಉಳಿದದ್ದು ಅದೊಂದೇ. ಬೆಳಿಗ್ಗೆ ಹತ್ತಕ್ಕೆ ಹೊರಟೆ. ಕೊಯ್ದು ಬಿಟ್ಟ ಗದ್ದೆಯ ಬಯಲು ನೋಡಿದೆ, ಒಂದು ಮರದ ನೆರಳಿಲ್ಲ. ತಿರುಗಿ ಪೇಟೆಯ ಚಾದಂಗಡಿ ಹೊಕ್ಕೆ. ಎದುರಿಗೇ ಆ ಕೊಪ್ಪದ ಹೆಂಗಸರು ಬುಟ್ಟಿ ಇಟ್ಟುಕೊಂಡು ಹರಿವೆ, ಬಸಳೆ ಮಾರುತ್ತಿದ್ದರು. ಕೊರಳ ತುಂಬ ಮಣಿಸರ, ಸೀರೆಗೆ ರವಿಕೆ ಇಲ್ಲ, ತೋಳು ಬರಿದು. ಕುಳಿತಲ್ಲಿಂದಲೇ ಕಲೆ ಕಾಣುತ್ತಿತ್ತು.

ಪರಹೆಂಗಸರ ತೋಳನ್ನು ಕದ್ದು ನೋಡುತ್ತ ಚಾ ಮುಗಿಯುವಷ್ಟರಲ್ಲಿ ಇಪ್ಪತ್ತೈದು ಎಣಿಸಿದೆ. ಇಪ್ಪತ್ತಮೂರರಲ್ಲಿ ಕಲೆ ಇತ್ತು. ನೂರಕ್ಕೆ ತೊಂಬತ್ತೆರಡು. ತಾಯಂದಿರಿಗೆ ಆಗಿದ್ದರೆ ಮಕ್ಕಳಿಗೂ ಆಗಿರುತ್ತದೆ ಎಂದುಕೊಂಡು ಮಕ್ಕಳನ್ನೂ ಗಂಡಸರನ್ನೂ ಅದೇ ಅಂದಾಜಿನಲ್ಲಿ ತುಂಬಿದೆ. ಮುದುಕರ ಎದುರು ಒಂದೆರಡು ಕಡೆ ‘ಇಲ್ಲ’ ಎಂದು ಬರೆದೆ, ನೋಡಿದವರು ನಂಬಲಿ ಎಂದು. ಆ ‘ಇಲ್ಲ’ಗಳನ್ನು ನೆನೆದರೆ ಇವತ್ತಿಗೂ ನಾಚಿಕೆಯಿಂದ ಹಿಡಿಯಷ್ಟಾಗುತ್ತೇನೆ. ಸೋಮಾರಿತನವನ್ನಾದರೂ ಯಾರಾದರೂ ಮನ್ನಿಸಿಯಾರು, ಇದು ಜಾಣತನ.

ಕಚೇರಿಯಲ್ಲಿ ದೊಡ್ಡ ಕಾಗದದ ಮೇಲೆ ಊರಿಗೊಂದು ಕಂಬ ಎಳೆದೆ. ನೂರಕ್ಕೆ ಎಂಬತ್ತಕ್ಕಿಂತ ಕಡಿಮೆ ಇದ್ದ ಊರಿಗೆ ಕೆಂಪು, ಹೆಚ್ಚಿದ್ದರೆ ಹಸಿರು. ಎಲ್ಲಕ್ಕಿಂತ ಎತ್ತರದ ಹಸಿರು ಕಂಬ ಕೊಪ್ಪದ್ದು. ನಮ್ಮ ಡಾಕ್ಟರು ಕೃಷ್ಣಾನಂದರು ಗೋಡೆಯ ಮುಂದೆ ನಿಂತು ನೋಡಿದರು.

“ಚೊಲೋ ಮಾಡಿದ್ಯೋ ಮಾಬ್ಲ. ಒಂದೇ ನೋಟಕ್ಕೆ ಎಲ್ಲ ತಿಳೀತದೆ. ಮಳೆ ಹಿಡಿಯೋದ್ರೊಳಗೆ ದೇವಿ ಹಾಕೋರನ್ನ ಕೆಂಪು ಊರಿಗೆ ಕಳಿಸುವ. ಹಸಿರು ಊರಿಗೆ ಈ ವರ್ಷ ಬೇಡ.”

ಅದರ ಒಂದು ಪ್ರತಿ ಕಾರವಾರದ ಜಿಲ್ಲಾ ಕಚೇರಿಗೂ ಹೋಯಿತು.

ವಾರ ಕಳೆದಿರಲಿಲ್ಲ. ನಮ್ಮ ಮನೆಗೆ ಸೊಪ್ಪು ತರುವ ಲಕ್ಕಿ, ಆ ಕೊಪ್ಪದವಳೇ, ಜಗಲಿಯಲ್ಲಿ ಬುಟ್ಟಿ ಇಳಿಸಿ ಕೇಳಿದಳು.

“ಒಡೆಯಾ, ನಮ್ಮ ಕೊಪ್ಪಕ್ಕೆ ದೇವಿ ಹಾಕೋರು ಯಾವಾಗ ಬತ್ರು? ಹೋದ ವರ್ಷ ಮಾರೂಕೆ ಬಂದೋರ್ನ ಇಲ್ಲೇ ಪೇಟೇಲಿ ಹಿಡ್ದು ಹಾಕಿದ್ರು. ಮನೇಲಿ ಇದ್ದೋರಿಗೆ ಯಾರಿಗೂ ಆಗ್ಲಿಲ್ಲ. ಮೊಮ್ಮಗಳು ಗಣಪಿಗೆ ಮೂರು ವರ್ಷ ಆತು.”

ದೇವಿ ಹಾಕುವವರು ಪೇಟೆಗೆ ಬಂದವರಿಗೆ ಮಾತ್ರ ಹಾಕಿದ್ದರು, ನಾನು ಪೇಟೆಗೆ ಬಂದವರನ್ನು ಮಾತ್ರ ಎಣಿಸಿದ್ದೆ. ಕೊಪ್ಪದಲ್ಲಿ ಉಳಿದ ಕೂಸು, ಬಾಣಂತಿ, ಮುದುಕರು ಯಾರ ಲೆಕ್ಕಕ್ಕೂ ಸಿಕ್ಕಿರಲಿಲ್ಲ.

“ಬತ್ರು” ಎಂದೆ.

ಮರುದಿನ ಡಾಕ್ಟರ ಕೋಣೆಯ ಬಾಗಿಲವರೆಗೆ ಹೋದೆ. ‘ಆ ಕೊಪ್ಪದ ಲೆಕ್ಕ ಸುಳ್ಳು’ ಎಂದರೆ ಸಾಕಿತ್ತು, ದೇವಿ ಹಾಕುವವರ ಗಾಡಿ ಕೊಪ್ಪಕ್ಕೂ ಹೋಗುತ್ತಿತ್ತು. ಅವರು ತಲೆಯೆತ್ತಿ “ಎಂತ?” ಎಂದರು. “ಎಂತಿಲ್ಲ” ಎಂದು ಬಂದೆ. ಹೀಗೆ ಮೂರು ದಿನ. ಶಾಣ್ಯಾ ಎನ್ನಿಸಿಕೊಂಡವನಿಗೆ ಕಳ್ಳ ಎನ್ನಿಸಿಕೊಳ್ಳುವ ಧೈರ್ಯ ಬರಲಿಲ್ಲ. ನಾಲ್ಕನೆಯ ದಿನ ದೇವಿ ಹಾಕುವವರ ಗಾಡಿ ಭಟ್ಕಳದ ಕಡೆಗೆ ಹೋಯಿತು. ಆಮೇಲೆ ಮಳೆ ಹಿಡಿಯಿತು.

ಜೂನ್ ಕೊನೆಗೆ ಕೊಪ್ಪದಲ್ಲಿ ಸಿಡುಬು ಎದ್ದಿತು. ಹನ್ನೊಂದು ಜನ ಮಲಗಿದರು, ಇಬ್ಬರು ತೀರಿಕೊಂಡರು. ಪೇಟೆಗೆ ಬರುವ ಹೆಂಗಸರಲ್ಲಿ ಕಲೆ ಇದ್ದ ಒಬ್ಬಳಿಗೂ ಬರಲಿಲ್ಲ. ಗಣಪಿ ಬದುಕಿತು, ಎಡಗಣ್ಣು ಹೋಯಿತು.

ಡಾಕ್ಟರು ಗೋಡೆಯ ಹಸಿರು ಕಂಬ ನೋಡಿ, “ಇಲ್ಲಿ ಹೆಂಗೆ ಬಂತೋ? ಔಷಧವೇ ಕೆಟ್ಟಿತ್ತಾ ಏನ” ಎಂದು ತಮಗೆ ತಾವೇ ಕೇಳಿಕೊಂಡರು. ಆಗ ಹೇಳಿದೆ, ಚಾದಂಗಡಿಯಿಂದ ಹಿಡಿದು ಎಲ್ಲ. ಅವರು ಬೈಯಲಿಲ್ಲ. ಕಾಗದವನ್ನು ಗೋಡೆಯಿಂದ ಕಿತ್ತು, ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟು, “ನಡೆ, ನೀನೂ ಬಾ” ಎಂದರು.

ಮೊಣಕಾಲುದ್ದದ ಕೆಸರು ತುಳಿದು ಮೊದಲ ಸಲ ಕೊಪ್ಪ ಕಂಡೆ. ಡಾಕ್ಟರೂ ದೇವಿ ಹಾಕುವವರೂ ಮನೆಯಿಂದ ಮನೆಗೆ ಹೊರಟರು. ನಾನು ಲಕ್ಕಿಯ ಮನೆ ಕೇಳಿಕೊಂಡು ಹೋದೆ. ಅವಳು ಗಣಪಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬೇವಿನ ಸೊಪ್ಪಿನಿಂದ ಗಾಳಿ ಹಾಕುತ್ತಿದ್ದಳು. ನನ್ನನ್ನು ಕಂಡು ಚಾಪೆ ಸರಿಸಿದಳು. ನಾನು ಕೂರಲಿಲ್ಲ.

“ಲಕ್ಕಿ, ದೇವಿ ಹಾಕೋರು ನಿಮ್ಮಲ್ಲಿಗೆ ಬರದೇ ಹೋದದ್ದು ನನ್ನಿಂದ. ನಾನು ಇಲ್ಲಿಗೆ ಬಂದು ಎಲ್ಲರನ್ನ ನೋಡಿ ಬರೆಯಬೇಕಾಗಿತ್ತು. ಬರಲೇ ಇಲ್ಲ. ಬಂದೆ ಅಂತ ಬರೆದೆ.”

ಅವಳು ಗಾಳಿ ಹಾಕುವುದನ್ನು ನಿಲ್ಲಿಸಿದಳು.

“ಎಂತಕೆ ಬರ್ಲಿಲ್ಲ ಒಡೆಯಾ?”

ಹೇಳಿಕೊಳ್ಳಲು ಒಂದು ದೊಡ್ಡ ಕಾರಣವಾದರೂ ಇದ್ದಿದ್ದರೆ ಎಂದು ಹುಡುಕಿದೆ. ಜ್ವರವಿರಲಿಲ್ಲ, ಸಾವು ನೋವು ಇರಲಿಲ್ಲ.

“ಬಿಸಿಲಿತ್ತು” ಎಂದೆ.

ಅವಳು ಬೈಯಲಿ ಎಂದು ಕಾದೆ. ಆ ದಿನ ಅದೇ ಬಯಲಿನಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಹೋಗಿ ಬಂದವಳು ಅವಳು. ನನ್ನ ಮಾತಿನಲ್ಲಿ ತಪ್ಪೇನೂ ಕಾಣದವಳ ಹಾಗೆ ತಲೆಯಾಡಿಸಿದಳು.

“ಹೌದು ಒಡೆಯಾ, ಆವಾಗ ಬಿಸ್ಲು ಜೋರೇ ಇತ್ತು.”