ಗಾಜಿನ ಅಂಗಡಿಯ ತಪ್ಪಾಯ್ತಣ್ಣ

"ನನ್ನಿಂದಲೇ ಆಯ್ತಕ್ಕ, ತಪ್ಪಾಯ್ತು," ಎಂದು ಅವನು ಹೇಳಿದಾಗ ಯಜಮಾನಿ ಇನ್ನೂ ಕನ್ನಡಕ ಕೂಡ ಹಾಕಿಕೊಂಡಿರಲಿಲ್ಲ. ಒಡೆದದ್ದು ಏನೆಂದು ನೋಡುವ ಮೊದಲೇ ಒಡೆದವನು ಸಿಕ್ಕಿಬಿಟ್ಟಿದ್ದ.

ಗಿರಾಕಿಯೊಬ್ಬರ ಔಷಧಿ ಅಂಗಡಿಯ ಮುಂಭಾಗಕ್ಕೆಂದು ತರಿಸಿದ್ದ ಆಳೆತ್ತರದ ಗಾಜು, ಮರದ ಸ್ಟ್ಯಾಂಡಿನಲ್ಲಿ ನಿಂತಲ್ಲೇ ಸೀಳಿತ್ತು. ಕೆಳಗಿನ ಅಂಚಿನ ಒಂದೇ ಜಾಗದಿಂದ ಮೂರು ಬಿರುಕುಗಳು ಹೊರಟು ಮೇಲಿನ ಮೂಲೆಗಳವರೆಗೆ ಹೋಗಿದ್ದವು. ಕತ್ತರಿಸಿದ ಗಾಜುಗಳ ಅಂಚು ಉಜ್ಜಿ ನಯ ಮಾಡುವ ಮುದುಕ ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟು ನಕ್ಕ.

"ಲೋ ತಪ್ಪಾಯ್ತಣ್ಣ, ಈ ಗಾಜು ಬಂದಿದ್ದೇ ನಿನ್ನೆ ಮಧ್ಯಾಹ್ನ. ನಿನ್ನೆ ನೀನು ಮಗಳನ್ನ ಕಣ್ಣಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದೆ. ಅಲ್ಲಿಂದಲೇ ಒಡೆದ್ಯಾ?"

"ಅಲ್ಲ... ಮೊನ್ನೆ ಸ್ಟ್ಯಾಂಡ್ ಸರಿಯಾಗಿ ಒರೆಸಿರಲಿಲ್ವೇನೋ ಅಂತ..."

"ನಡಿಯಪ್ಪ. ನಾಳೆ ಸೂರ್ಯ ತಡವಾಗಿ ಹುಟ್ಟಿದ್ರೂ ನಿಂದೇ ತಪ್ಪು."

ಆ ಅಡ್ಡಹೆಸರು ಇಟ್ಟವನೂ ಈ ಮುದುಕನೇ. ಕೆಲಸಕ್ಕೆ ಸೇರಿದ ಹನ್ನೊಂದು ವರ್ಷದಲ್ಲಿ ಆ ಅಂಗಡಿಯಲ್ಲಿ ಏನು ಕೆಟ್ಟರೂ ತಪ್ಪಾಯ್ತಣ್ಣ ತನ್ನದೇ ತಪ್ಪೆಂದು ಒಪ್ಪಿಕೊಂಡಿದ್ದ. ಗಿರಾಕಿ ತಪ್ಪು ಅಳತೆ ತಂದರೂ ಒಪ್ಪಿಕೊಂಡಿದ್ದ. ಎಲ್ಲರಿಗೂ ಅದೊಂದು ತಮಾಷೆ. ಅವನಿಗೆ ಮಾತ್ರ ಅದು ತಮಾಷೆಯಾಗಿರಲಿಲ್ಲ. ಅವನ ಅಪ್ಪನ ಮನೆಯಲ್ಲಿ ಕೇಳುವ ಮೊದಲೇ ಒಪ್ಪಿಕೊಂಡರೆ ಎರಡು ಏಟು, ಕೇಳಿದ ಮೇಲೆ ಒಪ್ಪಿಕೊಂಡರೆ ಅಪ್ಪನ ಕೈ ಸೋಲುವವರೆಗೆ. ತಪ್ಪು ಯಾರದ್ದೆಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಗಿದ್ದರೂ ಯಾರಾದರೂ ದನಿ ಏರಿಸಿದರೆ ಅವನ ಎಡಭುಜ ತಾನಾಗಿ ಕಿವಿಯ ಹತ್ತಿರಕ್ಕೆ ಏರುತ್ತಿತ್ತು.

ಯಜಮಾನಿ ನಗಲಿಲ್ಲ. ಅವನನ್ನು ದೊಡ್ಡ ಮೇಜಿನ ಹತ್ತಿರ ಕರೆದಳು. ಕಂಬಳಿ ಹೊದಿಸಿದ ಆ ಮೇಜಿನ ಮೇಲೆಯೇ ಆಳೆತ್ತರದ ಗಾಜುಗಳನ್ನು ಕತ್ತರಿಸುವುದು. ಅದನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಕೆಲಸಗಾರ ಬಿಟ್ಟುಹೋಗಿ ತಿಂಗಳಾಗಿತ್ತು. ಅಲ್ಲಿ ನಿಲ್ಲಬೇಕೆಂಬ ಆಸೆ ಅವನಿಗೆ ಎಷ್ಟೋ ವರ್ಷಗಳಿಂದ ಇತ್ತು, ಬಾಯಿಬಿಟ್ಟು ಕೇಳಿರಲಿಲ್ಲ, ಅಷ್ಟೆ.

"ಈ ಮೇಜು ನಿಂಗೇ ಕೊಡಬೇಕು ಅಂದ್ಕೊಂಡಿದ್ದೆ," ಎಂದಳು ಅವಳು. "ನಿನ್ನ ಥರ ಒಂದೇ ಸಲಕ್ಕೆ ಗೆರೆ ಎಳೆದು ಗಾಜು ಕತ್ತರಿಸೋರು ಇಲ್ಲಿ ಯಾರಿದ್ದಾರೆ? ಆದ್ರೆ ಎಲ್ಲಾದಕ್ಕೂ ನಂದೇ ತಪ್ಪು ಅನ್ನೋನನ್ನ ಇಲ್ಲಿ ಹೇಗೆ ನಿಲ್ಲಿಸ್ಲಿ? ಗಾಜು ಯಾಕೆ ಒಡೀತು ಅಂತ ಗೊತ್ತಾಗದೆ ಹೋದ್ರೆ ನಾಳೆ ಇನ್ನೊಂದು ಒಡೆಯುತ್ತೆ, ಯಾರದೋ ಕೈ ಹೋಗುತ್ತೆ. ಹೋಗಿ ನೋಡು. ನಾಳೆ ಬೆಳಿಗ್ಗೆ ನಿಜ ಹೇಳು. ಆಗಲ್ಲ ಅಂದ್ರೆ ಹೊರಗಿಂದ ಬೇರೆಯವರನ್ನ ಕರೆಸ್ತೀನಿ."

ನೋಡುವುದೇನೂ ಇರಲಿಲ್ಲ, ಅವನಿಗೆ ಗೊತ್ತಿತ್ತು. ಸ್ಟ್ಯಾಂಡಿನ ರಬ್ಬರ್ ಪಟ್ಟಿ ಸವೆದು ಒಂದು ಮೊಳೆ ತಲೆ ಎತ್ತಿತ್ತು. ಗಾಜಿನ ಅಷ್ಟೂ ಭಾರ ಅದರ ಮೇಲೆ ಕೂತಿತ್ತು. ಹದಿನೈದು ದಿನದ ಹಿಂದೆಯೇ ಅವನು ಅದನ್ನು ಯಜಮಾನಿಗೆ ತೋರಿಸಿದ್ದ. ಫೋನಿನಲ್ಲಿದ್ದ ಅವಳು, "ನೀನು ಮುಟ್ಟಬೇಡ, ಬಡಗಿಗೆ ಹೇಳ್ತೀನಿ, ಬಂದು ಇಡೀ ಪಟ್ಟಿ ಬದಲಾಯಿಸ್ತಾನೆ," ಎಂದಿದ್ದಳು. ಬಡಗಿಗೆ ಹೇಳಲು ಮರೆತಿದ್ದಳು. ಅದನ್ನೀಗ ಅವಳ ಮುಖಕ್ಕೇ ಹೇಳಬೇಕಿತ್ತು.

ಸಂಜೆ ಮನೆಗೆ ಬಂದು ಅಂಗಿ ಬಿಚ್ಚುವಾಗ ಅವನ ಮೊಣಕೈ ತಗುಲಿ ಮೇಜಿನ ಮೇಲಿದ್ದ ಗಾಜಿನ ಲೋಟ ಕೆಳಗೆ ಬಿತ್ತು. ಒಳಗಿನ ಕೋಣೆಯಲ್ಲಿ ಚಿತ್ರ ಬರೆಯುತ್ತಿದ್ದ ಆರು ವರ್ಷದ ಮಗಳು ಬಣ್ಣದ ಕಡ್ಡಿ ಹಿಡಿದುಕೊಂಡೇ ಓಡಿಬಂದಳು. ಹೊಸ ಕನ್ನಡಕ ಮೂಗಿನ ತುದಿಗೆ ಜಾರಿತ್ತು.

"ನಾನೇ ಅಪ್ಪ! ನನ್ನಿಂದಲೇ ಆಯ್ತು, ತಪ್ಪಾಯ್ತು!"

ಅವನು ಅವಳ ಮೇಲೆ ಎಂದೂ ಕೈ ಎತ್ತಿದವನಲ್ಲ. ದನಿ ಕೂಡ ಏರಿಸಿದವನಲ್ಲ. ಅಪ್ಪನಿಂದ ಈ ಮನೆಗೆ ಏನೂ ಬರದಂತೆ ಕಾದಿದ್ದೇನೆ ಎಂದು ಅವನು ನಂಬಿಕೊಂಡಿದ್ದ. ಬಂದಿತ್ತು, ಅವನ ಬಾಯಿಂದಲೇ ಬಂದಿತ್ತು. "ಅಲ್ಲೇ ನಿಲ್ಲು, ಕಾಲಿಗೆ ಚುಚ್ಚುತ್ತೆ," ಎಂದಷ್ಟೇ ಹೇಳಿ ಪೊರಕೆ ತಂದ.

ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಅವನು ಹೊರಗೆ ನಿಂತಿದ್ದ. ಯಜಮಾನಿ ಕೈಚೀಲ ಇಳಿಸಲಿ ಎಂದೂ ಕಾಯಲಿಲ್ಲ. ಕಾದರೆ ಧೈರ್ಯ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು.

"ಅಕ್ಕ, ಗಾಜು ಮೊಳೆಯಿಂದ ಒಡೀತು. ಅದನ್ನ ನಿಮಗೆ ಮೊದಲೇ ತೋರಿಸಿದ್ದೆ. ಮುಟ್ಟಬೇಡ, ಬಡಗಿಗೆ ಹೇಳ್ತೀನಿ ಅಂದ್ರಿ. ಹೇಳಲಿಲ್ಲ. ತಪ್ಪು... ನನ್ನದಲ್ಲ. ನಿಮ್ಮದು."

ಆಗಷ್ಟೇ ಒಳಬಂದು ಕಲ್ಲು ಎತ್ತಿಕೊಂಡಿದ್ದ ಮುದುಕ ಹಾಗೇ ನಿಂತ. ತಪ್ಪಾಯ್ತಣ್ಣನ ಎಡಭುಜ ಕಿವಿಯವರೆಗೆ ಏರಿತ್ತು. ಯಜಮಾನಿ ಸ್ಟ್ಯಾಂಡಿನ ಹತ್ತಿರ ಹೋಗಿ ಬಗ್ಗಿ ಬೆರಳಾಡಿಸಿದಳು.

"ಹೌದಲ್ವಾ, ಹೇಳಿದ್ದೆ ನೀನು," ಎಂದಳು. "ಮರೆತೇಬಿಟ್ಟೆ ನೋಡು. ನಂದೇ ತಪ್ಪು. ಇಕ್ಕಳ ಎಲ್ಲಿದೆ?"

ಅಷ್ಟೇ. ಕಾಫಿ ಆರಿತು ಎನ್ನುವಷ್ಟು ಸಲೀಸಾಗಿ ಅವಳು ಅದನ್ನು ಹೇಳಿದ್ದಳು. ಹೇಳಿದ ಮೇಲೆ ಅವಳಿಗೆ ಏನೂ ಆಗಲಿಲ್ಲ. ಮೊಳೆ ಕಿತ್ತು, ಬಡಗಿಗೆ ಫೋನ್ ಮಾಡಿ, ಇನ್ನೂ ಅಲ್ಲೇ ನಿಂತಿದ್ದವನ ಕಡೆ ತಿರುಗಿ, "ನಿಂತಿದ್ದೀಯಲ್ಲ, ಮೇಜು ಒರೆಸ್ಕೋ. ಬೇರೆ ಗಾಜು ಹತ್ತು ಗಂಟೆಗೆ ಬರುತ್ತೆ," ಎಂದಳು. ಅವನು ಕಂಬಳಿಯನ್ನು ಕೊಡವಿ ಹಾಸಿದ. ಕಣ್ಣು ಒರೆಸಿಕೊಂಡದ್ದನ್ನು ಮುದುಕ ನೋಡಿದರೂ ನೋಡದವನಂತೆ ಕಲ್ಲು ಉಜ್ಜಿದ.

ಅಂದು ಸಂಜೆ ಅವನು ಮಗಳನ್ನು ಎದುರಿಗೆ ಕೂರಿಸಿಕೊಂಡ.

"ನಿನ್ನೆ ಲೋಟ ಒಡೆದಿದ್ದು ಯಾರು ಪುಟ್ಟಿ?"

ಅವಳು ಅವನ ಮುಖ ನೋಡಿದಳು, ಆಮೇಲೆ ಅವನ ಕೈಗಳನ್ನು ನೋಡಿದಳು.

"...ನೀನು?"

"ಹೌದು, ನಾನು. ಮೊಣಕೈ ತಾಗ್ತು."

"ಈಗ ಏನಾಗುತ್ತೆ?"

"ಏನಾಗುತ್ತೆ? ಚೂರು ಇನ್ನೂ ಎಲ್ಲಾದರೂ ಉಳಿದಿದ್ಯಾ ಅಂತ ಹುಡುಕಬೇಕು."

ಅವನು ಬಟ್ಟೆ ಒದ್ದೆ ಮಾಡಿ ತಂದ. ಕಣ್ಣಿಗೆ ಕಾಣದ ಚೂರು ಒದ್ದೆ ಬಟ್ಟೆಗೆ ಅಂಟುತ್ತದೆ ಎಂದು ತೋರಿಸಿಕೊಟ್ಟ. ಅವಳು ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ಮೇಜಿನ ಕೆಳಗೆ ಟಾರ್ಚ್ ಬಿಟ್ಟಳು.

"ಅಪ್ಪ, ಅಲ್ಲೊಂದಿದೆ," ಎಂದಳು. "ನೀನು ಒಡೆದಿದ್ದು."

"ತೋರಿಸು," ಎಂದು ಅವನೂ ನೆಲಕ್ಕೆ ಬಗ್ಗಿದ.