ಸುಣ್ಣಕಟ್ಟು ರೋಗದ ಕರಪತ್ರ

ಹಮೀದಾ ಬೇಗಂ ನನ್ನ ಲೈಬ್ರರಿಗೆ ಕಾಲಿಟ್ಟ ದಿನವೇ ನನಗೆ ಮೈ ಉರಿದಿತ್ತು. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆಂದು ಇದ್ದ ಆ ಪುಟ್ಟ ಲೈಬ್ರರಿಗೆ ತೊಂಬತ್ತೊಂದನೇ ಇಸವಿಯಲ್ಲಿ ನಾನೇ ಯಜಮಾನ, ನಾನೇ ಜವಾನ. ಕಾಗದ ಬಂದು ಬೀಳುವ ವೇಗಕ್ಕೆ ಅದನ್ನು ಹುಡುಕಿಕೊಡುವ ವ್ಯವಸ್ಥೆ ಯಾಕೆ ಸಾಲುತ್ತಿಲ್ಲ ಅನ್ನುವುದು ಅವಳ ಸಂಶೋಧನೆ. ಅಂದರೆ ನನ್ನ ಸೋಮಾರಿತನಕ್ಕೆ ಯೂನಿವರ್ಸಿಟಿಯ ಸರ್ಟಿಫಿಕೇಟು!

"ಸತ್ಯಮೂರ್ತಿ ಸಾರ್, ತಪ್ಪು ನಿಮ್ದಲ್ಲ. ಬರೋದು ಕಟ್ಟುಗಟ್ಟಲೆ, ಯಾವ್ದು ಎಲ್ಲಿದೆ ಅಂತ ಕಾರ್ಡು ಬರೆಯೋದು ನೀವೊಬ್ರೇ," ಅಂದಳು. ಆಮೇಲೆ ಅವಳಿಗೆ ದಿನಾ ನಾನೇ ಕಾಫಿ ತರಿಸತೊಡಗಿದೆ.

ಒಂದು ಬೆಳಿಗ್ಗೆ ದಿಬ್ಬೂರಹಳ್ಳಿಯ ರೈತ ಕೋನಪ್ಪ ಓಡಿಬಂದ. ಅವನ ಮನೆಯ ರೇಷ್ಮೆಹುಳುಗಳು ಬೆಳ್ಳಗೆ ಸೆಟೆದು ಸಾಯುತ್ತಿದ್ದವು. ಸುಣ್ಣಕಟ್ಟು ರೋಗ. "ಇನ್ನೇನು ಗೂಡು ಕಟ್ಟೋ ಹುಳ ಸಾರ್, ಏನಾದ್ರೂ ಮಾಡಿ," ಅಂದ. ರೇಷ್ಮೆ ಇಲಾಖೆಯ ಸಾಹೇಬರು ಟೂರಿಗೆ ಹೋಗಿದ್ದರು. ಈ ರೋಗಕ್ಕೇ ಒಂದು ಕರಪತ್ರ ಬಂದಿದ್ದು ನನಗೆ ಚೆನ್ನಾಗಿ ನೆನಪಿತ್ತು. ಎಲ್ಲಿಟ್ಟಿದ್ದೆ ಅನ್ನುವುದು ಮಾತ್ರ ನೆನಪಿರಲಿಲ್ಲ, ಕಾರ್ಡಂತೂ ಬರೆದೇ ಇರಲಿಲ್ಲ. ಮಧ್ಯಾಹ್ನದವರೆಗೆ ಮೂವರೂ ರಾಶಿ ಕೆದಕಿದೆವು. ಸಿಗಲಿಲ್ಲ. ನಾಚಿಕೆಗೆ ನನ್ನ ಕಣ್ಣಲ್ಲಿ ನೀರೇ ಬಂತು.

"ಹುಳಾನಾದ್ರೂ ನೋಡಣ, ಬನ್ನಿ ಸಾರ್," ಎಂದು ಹಮೀದಾ ನನ್ನನ್ನು ಬಸ್ಸು ಹತ್ತಿಸಿದಳು.

ಕೋನಪ್ಪನ ಹೆಂಡತಿ ಕೊಂಡಮ್ಮ ಬಿದಿರಿನ ತಟ್ಟೆಯೊಂದನ್ನು ಇಳಿಸಿ ತೋರಿಸಿದಳು. ಸಂದಿಯಲ್ಲಿ ಹುಳು ಜಾರದಂತೆ ತಟ್ಟೆಗೆ ಕಾಗದ ಹಾಸಿದ್ದಳು. ಸೊಪ್ಪು ಸರಿಸಿದ ಹಮೀದಾ ಕಿರುಚಿಯೇಬಿಟ್ಟಳು. ಕಾಗದದ ಮೇಲೆ ಬಿಳಿ ಹುಳುವಿನ ಚಿತ್ರ. ನಾವು ಹುಡುಕುತ್ತಿದ್ದ ಕರಪತ್ರವೇ! ರೈತರ ಮೀಟಿಂಗಿನಲ್ಲಿ ಹಂಚಿ ಉಳಿದ ಕಟ್ಟನ್ನು, ತಟ್ಟೆಗೆ ಹಾಸಲು ಆಗುತ್ತದೆಂದು ಕೋನಪ್ಪನೇ ಏನೆಂದೂ ನೋಡದೆ ಹೊತ್ತು ತಂದಿದ್ದನಂತೆ. ಎಲ್ಲಾ ತಟ್ಟೆಯಲ್ಲೂ ಅದೇ ಇತ್ತು.

ಹಮೀದಾ ಗಟ್ಟಿಯಾಗಿ ಓದುತ್ತಾ ಹೋದಳು. ಕೋನಪ್ಪ ಸತ್ತ ಹುಳು ಆರಿಸಿ ಸುಟ್ಟ, ಕಿಟಕಿ ತೆರೆದ, ಉಳಿದವುಗಳ ಮೇಲೆ ಸುಣ್ಣದ ಪುಡಿ ಉದುರಿಸಿದ. ಮುಕ್ಕಾಲು ಪಾಲು ಬೆಳೆ ಉಳಿಯಿತು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಗೂಡು ಬಿಡಿಸುವ ದಿನ ನಮ್ಮಿಬ್ಬರನ್ನೂ ಊಟಕ್ಕೆ ಕರೆದರು. ಮುದ್ದೆ ಬಡಿಸುತ್ತಿದ್ದ ಕೊಂಡಮ್ಮನನ್ನು ನಾನು ಸುಮ್ಮನೆ ಬಿಡಲಿಲ್ಲ. "ಏನಮ್ಮಾ, ಏಳನೇ ಕ್ಲಾಸು ಓದಿದೋಳು ನೀನು. ಹಾಸೋಕ್ ಮುಂಚೆ ಒಂದ್ಸಲ ಓದಬಾರ್ದಿತ್ತಾ?"

"ಅಯ್ಯೋ ದೇವುಡಾ! ಬರೋ ಕಾಗ್ದಾನೆಲ್ಲ ಓದ್ಕೊಂಡು ಕೂತ್ರೆ ಹುಳಕ್ಕೆ ಸೊಪ್ಪು ಯಾರು ಹಾಕ್ತಾರೆ ಸಾರ್? ನಿಮ್ ಲೈಬ್ರರೀಲಿ ಇರೋದನ್ನೆಲ್ಲ ನೀವು ಓದಿದೀರಾ?"

ಹಮೀದಾ ಸಾರು ನೆತ್ತಿಗೇರುವಷ್ಟು ನಕ್ಕಳು. ನಾನು ತಲೆ ಬಗ್ಗಿಸಿ ಇನ್ನೊಂದು ಮುದ್ದೆ ಹಾಕಿಸಿಕೊಂಡೆ.