ಕೂಗಿದ ಮೇಲೆ ಬನ್ನಿ

ಕಲ್ಲುಸೇತುವೆಯ ಕೆಳಗೆ ಹೊಳೆ ನೊರೆ ಕಟ್ಟಿಕೊಂಡು ಹೊರಳುತ್ತಿದೆ, ನಾನು ನಡೆಯುತ್ತಿದ್ದೇನೋ ಓಡುತ್ತಿದ್ದೇನೋ, ನೆರಿಗೆ ಕಾಲಿಗೆ ತೊಡರುತ್ತದೆ, ತೊಡರಲಿ, ಸೇತುವೆ ಮುಗಿದರೆ ಮೈಸೂರು ಸೀಮೆ ಮುಗಿಯಿತು, ಆಚೆ ಕೊಯಮತ್ತೂರು ಜಿಲ್ಲೆ, ಇಂಗ್ಲಿಷರ ರಾಜ್ಯ, ಇವತ್ತೋ ನಾಳೆಯೋ ಹೊರಡುತ್ತಾರಂತೆ ಅವರು, ಹೊರಡುವ ಮೊದಲೇ ನಾನು ನುಗ್ಗುತ್ತಿದ್ದೇನೆ — ಅವ್ವನಿಗೆ ಅದು ಪರದೇಶ, ಅಲ್ಲ ಕಣಮ್ಮಿ ಯಶೋದಾ, ಸಂಬಳ ಇಲ್ಲ ಏನಿಲ್ಲ, ಪರದೇಸದ ಹೈಕ್ಳಿಗೆ ಅಕ್ಸರ ಕಲ್ಸಕ್ ಓಯ್ತೀಯಾ, ನಮ್ ಬ್ಲಫ್ ಕಾಲೋನಿನಾಗೆ ಹೈಕ್ಳಿಲ್ವಾ, ಇದ್ದಾವೆ ಕಣವ್ವ, ಅವಕ್ಕೆ ಶಾಲೆಯೂ ಇದೆ ಕರೆಂಟು ದೀಪವೂ ಇದೆ, ಆಚೆ ಏನಿದೆ, ಹುಲ್ಲು ಹೊದಿಸಿದ ಒಂದು ಕೊಟ್ಟಿಗೆ, ಮೊದಲಿದ್ದ ಮೇಷ್ಟರು ಊರು ಬಿಟ್ಟ ಮೇಲೆ ಅದರಲ್ಲಿ ಕುರಿ ಕಟ್ಟುತ್ತಿದ್ದರಂತೆ, ಹೋದ ವಾರ ನಾನೇ ಹಿಕ್ಕೆ ಗುಡಿಸಿದೆ, ಬಾಗಿಲಲ್ಲಿ ಆ ಹುಡುಗಿ, ಚಿಕ್ಕಬೋರಿ, ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡೇ ನಿಂತಿದ್ದಳು, ಒಂದು ತುಂಡು ಸೀಮೆಸುಣ್ಣ ಕೊಟ್ಟೆ, ಮುಷ್ಟಿ ಮುಚ್ಚಿದಳು, ಗೋಡೆ ಮೇಲೆ ಗೀಚೇ ಅಂದೆ, ಗೀಚಲಿಲ್ಲ, ಮುಷ್ಟಿ ತೆರೆಯಲೂ ಇಲ್ಲ, ಮನೆಗೆ ಹೋಗಿ ತಿಂದುಬಿಟ್ಟಳೋ ಏನೋ — ತಿಂದಿರದಿದ್ದರೆ ಸಾಕು, ಬಂದರೆ ಸಾಕು, ಅಪ್ಪ ಪವರ್ ಹೌಸಿನ ಡ್ಯೂಟಿ ಮುಗಿಸಿ ಬಂದವನು ಬೂಟು ಬಿಚ್ಚುತ್ತಾ ಹೇಳಿದ್ದು ಇದೊಂದೇ, ಇವತ್ ಒಂದಿನ ಓಗ್ಬುಟ್ಟು ಬಾ, ಒಂದಾರ ಎಣ್ಮಗ ಬಂದು ಕುಂತ್ಕಂಡ್ರೆ ನಿನ್ನಿಷ್ಟ, ಇಲ್ದಿದ್ರೆ ಮದ್ದೂರಿನೋರು ನೋಡಕ್ ಬತ್ತಾರೆ, ಬಾಯ್ ಮುಚ್ಕಂಡು ಕಾಫಿ ತಂದ್ಕೊಡು. ಅಗೋ, ಕೂಗಿತು! ಪವರ್ ಹೌಸಿನ ಸೈರನ್ನು, ಎಷ್ಟು ಚೆನ್ನಾಗಿ ಹೊಳೆ ದಾಟಿ ಬರುತ್ತದೆ, ಬ್ಲಫ್‌ನಲ್ಲಿ ನಮಗೆಲ್ಲ ಅದೇ ಗಡಿಯಾರ, ಕೂಗಿದ ಮೇಲೆ ಆಫೀಸು, ಕೂಗಿದ ಮೇಲೆ ಶಾಲೆ, ಆಚೆಯವರಿಗೂ ಅಷ್ಟೇ ಹೇಳಿದ್ದೇನೆ, ಸೋಮವಾರ ಕೂಗಿದ ಮೇಲೆ ಮಕ್ಕಳನ್ನು ಕಳಿಸಿ, ಎಂಥ ಜಾಣೆ ನಾನು, ಈಗ ಮನೆಮನೆಯಿಂದ ಹೊರಟಿರುತ್ತವೆ, ನಡಿ, ಬೇಗ ನಡಿ —

ಯಾಕೆ ಸದ್ದಿಲ್ಲ? ಕೊಟ್ಟಿಗೆಯ ಮುಂದೆ ಒಂದು ನರಪಿಳ್ಳೆಯೂ ಇಲ್ಲ, ಕಾಫಿ ಲೋಟ, ಮದ್ದೂರಿನವರು, ಸಗಣಿ ಬುಟ್ಟಿ ಹೊತ್ತು ಎದುರಿಗೆ ಬರುವವಳು ಪಟ್ಟಲಮ್ಮ, ಗುಡಿಸುವಾಗ ನನಗೆ ನೀರು ತಂದುಕೊಟ್ಟವಳು, ನಗುತ್ತಿದ್ದಾಳೆ, ಏನ್ ಮೇಷ್ಟ್ರಮ್ಮ, ಈಗ್ ಬಂದ್ರಾ, ಬೆಳಕರಿಯಕ್ ಮುಂಚೇನೆ ಕೂಗ್ತಲ್ಲ, ಹೈಕ್ಳೆಲ್ಲ ಮೊಕ ತೊಳ್ಕಂಡು ಓಡ್ಬಂದು ಕುಂತಿದ್ದೊ, ನೀವ್ ಬರ್ನಿಲ್ಲ, ಕುರಿ ಒಡ್ಕಂಡು ಓದೊ. ಅಯ್ಯೋ, ಆ ಕೂಗು! ಪಾಳಿ ಬದಲಾಗುವ ಮುಂಜಾನೆಯ ಕೂಗು, ನಮ್ಮಲ್ಲಿ ಅದನ್ನು ಯಾರು ಲೆಕ್ಕಕ್ಕಿಡುತ್ತಾರೆ, ಹೊದಿಕೆ ಎಳೆದುಕೊಂಡು ಮಗ್ಗುಲು ಬದಲಿಸುವ ಕೂಗು ಅದು, ಪೆದ್ದಿ, ಶುದ್ಧ ಪೆದ್ದಿ, ಚಳಿಯಲ್ಲಿ ಕೂತಿದ್ದವಲ್ಲ ಮಕ್ಕಳು, ನಾನು ಜಡೆ ಹೆಣೆದುಕೊಳ್ಳುತ್ತಿದ್ದೆ, ನಾಚಿಕೆಯಾಗುತ್ತಿದೆ, ಆದರೂ ಖುಷಿ ತಡೆಯಲಾರೆ — ಬಂದಿದ್ದವು, ಎಲ್ಲವೂ ಬಂದಿದ್ದವು! ಆದರೆ ಅಪ್ಪನಿಗೆ ಏನೆನ್ನಲಿ, ಬಂದು ಹೋದವು ಅಂದರೆ ಕೇಳುತ್ತಾನೆಯೇ, ಒಳುಕ್ ನೋಡಿ, ಅನ್ನುತ್ತಾಳೆ ಪಟ್ಟಲಮ್ಮ, ಒಂದ್ ಕುಂತದೆ, ಎಷ್ಟ್ ಕರುದ್ರೂ ಏಳ್ನಿಲ್ಲ. ಒಳಗೆ ಅರೆಗತ್ತಲು, ಕುರಿಯ ವಾಸನೆ ಇನ್ನೂ ಹೋಗಿಲ್ಲ, ಗೋಡೆಗೊರಗಿ ಚಿಕ್ಕಬೋರಿ, ತೊಡೆಯ ಮೇಲೆ ತಮ್ಮ ನಿದ್ದೆ ಹೋಗಿದ್ದಾನೆ, ಅವಳು ಅಲ್ಲಾಡುತ್ತಿಲ್ಲ, ಸೀಮೆಸುಣ್ಣ ಎಲ್ಲೇ, ಬರೆದೆಯಾ, ಇಲ್ಲವೆಂದು ತಲೆಯಾಡಿಸುತ್ತಾಳೆ, ಯಾಕೇ, ಬರುದ್ರೆ ಸವುದೋಯ್ತದಲ್ಲ, ನೀವ್ ಬರ್ಲಿ ಅಂತ — ಮುಷ್ಟಿ ಮೇಲೆತ್ತುತ್ತಾಳೆ, ತೆರೆಯುತ್ತಿದ್ದಾಳೆ, ಒಂದೊಂದೇ ಬೆರಳು, ಅಂಗೈ ತುಂಬಾ ಬಿಳಿ, ಬೆವರಿಗೆ ಮಾಸಿದ ತುಂಡು, ಕೊಟ್ಟಷ್ಟೂ ಹಾಗೇ ಇದೆ, ಆ ಮುಷ್ಟಿ, ತೆರೆದ ಮುಷ್ಟಿ.